ಮುರಿದ ಸೂಜಿಯ ಪುಸ್ತಕ

ರಾಯದುರ್ಗದ ಗುಡ್ಡದ ಕೆಳಗೆ, ತಗಡಿನ ಶೆಡ್ಡಿನಲ್ಲಿ
ಹದಿನಾಲ್ಕು ಮಿಷನ್ನು, ಎರಡು ಫ್ಯಾನು,
ಮತ್ತೆ ನಾನು, ಲೆಕ್ಕದವಳು.
ನಾವು ಇಡೀ ಪ್ಯಾಂಟು ಹೊಲಿಯುವುದಿಲ್ಲ.
ಜೀನ್ಸಿನ ಬಲಜೇಬಿನೊಳಗೊಂದು ಮರಿಜೇಬು ಇರುತ್ತದಲ್ಲ,
ಎರಡು ಬೆರಳೂ ನೆಟ್ಟಗೆ ಇಳಿಯದ್ದು,
ಅದು ನಮ್ಮದು. ಅಷ್ಟೇ ನಮ್ಮದು.
ಕಾಲು ಬಳ್ಳಾರಿಯದು, ಗುಂಡಿ ಎಲ್ಲಿಯದೋ,
ಸೊಂಟದ ಹಿಂದಿನ ಚರ್ಮದ ಚೀಟಿ
ಹೆಸರು ಹೇಳಲು ನಾಲಗೆ ತಿರುಗದ ಊರಿನದು.

ಎಸ್ತರ್ ಮೇಡಂ ಬಂದರು, ಚೆನ್ನೈಯಿಂದ.
ಸಣ್ಣವರೂ ದೊಡ್ಡ ಸರಪಳಿಗೆ ಸೇರಬಹುದು ಅಂದರು.
ವನ್ನೂರಪ್ಪನಿಗೆ ಸರಪಳಿ ಅಂದರೆ ಎಮ್ಮೆಯ ಕೊರಳಿನದು.
"ಸೇರೋದು ಸೇರಾಣ ಮೇಡಂ, ಗೂಟ ಯಾರ ಹಟ್ಟ್ಯಾಗ ಐತೆ?"
ಮೇಡಂ ನಕ್ಕರು. ಉತ್ತರ ಹೇಳಲಿಲ್ಲ.
ಬೆಂಕಿ ಆರಿಸುವ ಕೆಂಪು ಸಿಲಿಂಡರು ಗೋಡೆಗೇರಿತು,
ಕಿಟಕಿ ಅಗಲವಾಯಿತು,
ಹೆಂಗಸರ ಕಕ್ಕಸಿಗೆ ಒಳಗಿನಿಂದ ಚಿಲಕ ಬಂತು.
ಆರು ವರ್ಷ ನಾವು ಕೇಳಿದ ಚಿಲಕ,
ಪರದೇಶದ ಫಾರಮ್ಮು ಕೇಳಿದ ವಾರಕ್ಕೆ.

ನನ್ನ ಕೈಗೊಂದು ಉದ್ದ ಪುಸ್ತಕ:
ಸೂಜಿ ಮುರಿದರೆ ತುಂಡೆಲ್ಲ ಹುಡುಕಬೇಕು,
ಟೇಪು ಹಾಕಿ ಹಾಳೆಗೆ ಅಂಟಿಸಬೇಕು.
ದಿನ, ಗಂಟೆ, ಮಿಷನ್ ನಂಬರು,
ಯಾರ ಕೈ, ಎಷ್ಟು ತುಂಡು, ಎಲ್ಲಿ ಸಿಕ್ಕಿತು.
ಕೂಡಿಸಿದರೆ ಪೂರ್ತಿ ಸೂಜಿಯಾಗಬೇಕು,
ಆಗದಿದ್ದರೆ ಮಾಲು ಹೊಸಿಲು ದಾಟದು.
ಅಲ್ಲಿ ಯಾವುದೋ ಮಗುವಿನ ತೊಡೆಗೆ ಚುಚ್ಚಬಾರದು ನೋಡಿ.

"ಚುಚ್ಚಬಾರದು, ಖರೆ," ಅಂದಳು ಮಾಬುನ್ನಿ.
"ಇಪ್ಪತ್ತು ವರ್ಷ ಮುರಿದವೆಲ್ಲ ಎಲ್ಲಿ ಹೋದ್ವು?"
ಎಲ್ಲರೂ ಒಮ್ಮೆ
ನಮ್ಮ ನಮ್ಮ ಕಾಲ ಬುಡ ನೋಡಿಕೊಂಡೆವು.

ಮೊದಲ ಮಾಲು ಹೊರಡುವ ಹಿಂದಿನ ಸಂಜೆ
ಒಂಬತ್ತನೇ ಮಿಷನ್ನು ಟಕ್ ಅಂತು.
ಬುಡ ಮಿಷನ್ನಲ್ಲೇ ಇತ್ತು. ನಡು ಬಟ್ಟೆಯಲ್ಲಿ ಸಿಕ್ಕಿತು.
ಮೊನೆ ಇಲ್ಲ.
ಅಕ್ಕಿನುಚ್ಚಿನಷ್ಟು ಮೊನೆ.
ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲವೆಲ್ಲ ಎಳೆದೆವು,
ಹೇರ್‌ಪಿನ್ನು ಬಂತು, ಅರ್ಧ ಬ್ಲೇಡು ಬಂತು,
ಗೋಡೆಯ ಸಂದಿಯಿಂದ ತುಕ್ಕು ಹಿಡಿದ ಹಳೇ ಮೊನೆಗಳು
ಕರೆಯದ ನೆಂಟರ ಹಾಗೆ ಒಂದರ ಹಿಂದೊಂದು ಬಂದವು.
ಬೇಕಾದದ್ದು ಬರಲಿಲ್ಲ.
ಎಂಟು ಸಾವಿರದ ನಾನೂರು ಜೇಬು, ಒಂದೊಂದನ್ನೂ ಹಿಸುಕಿ ನೋಡಿದೆವು.
ಹತ್ತಕ್ಕೆ ಕರೆಂಟು ಹೋಯಿತು.
ವನ್ನೂರಪ್ಪ ತೆಲುಗಿನಲ್ಲಿ ಲಾರಿಯವನಿಗೆ ಕೈಮುಗಿದ,
ಹಿಂದಿಯಲ್ಲಿ ಕಟಿಂಗ್ ಮಾಸ್ತರನಿಗೆ ಬೈದ,
ಕನ್ನಡದಲ್ಲಿ ತನಗೇ.
ಆಮೇಲೆ ನನ್ನ ಹತ್ತಿರ ಬಂದು, ಮೆಲ್ಲಗೆ:
"ಇನ್ನೊಂದು ಸೂಜಿ ಮುರಿ. ಅದರ ಮೊನೆ ಹಚ್ಚು. ಯಾರು ನೋಡ್ತಾರ?"

ಹೊಸ ಸೂಜಿ ನನ್ನ ಕೈಯಲ್ಲೇ ಇತ್ತು.
ಹೆಬ್ಬೆರಳು ಬಾಗಿಸಿಯೂ ಇದ್ದೆ, ಸುಳ್ಳು ಯಾಕೆ ಹೇಳಲಿ.

ಆಗ ದಾರ ಕತ್ತರಿಸುವ ತಿಪ್ಪಕ್ಕ,
ಮನೆಗೆ ಹೊರಟವಳು, ಬಾಗಿಲಲ್ಲಿ ಒಂಟಿಕಾಲಲ್ಲಿ ನಿಂತು
ಹವಾಯಿ ಚಪ್ಪಲಿ ತಿರುವಿ ನೋಡಿದಳು.
"ಆಗಿಂದ ಏನೋ ಕಚ್ಚಾಕತ್ತಿತ್ತು,
ಜಾಲಿಮುಳ್ಳು ಅಂದ್ಕೊಂಡಿದ್ದೆ."

ಎಲ್ಲಿ ಸಿಕ್ಕಿತು? ಆರನೇ ಕಾಲಂ.
ಇಂಗ್ಲಿಷಿನಲ್ಲಿ ಬರೆಯಲು ಹೋಗಿ ಪೆನ್ನು ನಿಂತಿತು.
ನಾನು ಕನ್ನಡ ಶಾಲೆಯವಳು. ಇದ್ದದ್ದು ಇದ್ದಂತೆ ಬರೆದೆ:
ತಿಪ್ಪಕ್ಕನ ಎಡಗಾಲ ಚಪ್ಪಲಿಯಲ್ಲಿ.
ಜಾಲಿಮುಳ್ಳು ಅಂದುಕೊಂಡಿದ್ದಳು.

ಹಾಳೆಯ ಫೋಟೋ ಮೇಡಂಗೆ ಹೋಯಿತು,
ಮೇಡಂನಿಂದ ಏಜೆಂಟನಿಗೆ, ಅವನಿಂದ ಸಮುದ್ರದಾಚೆ.
ನಾಲ್ಕನೇ ದಿನ ಉತ್ತರ ಬಂತು:
ಐದು ಕಾಲಂ ಸರಿ ಇದೆ. ಆರನೆಯದು ಯಾವ ಭಾಷೆ?
ಜೇಬಿಗೆ ಹತ್ತು ಪೈಸೆ ಹೆಚ್ಚು ಕೇಳಿದ್ದೆವಲ್ಲ,
ಅದು ಪರಿಶೀಲನೆಯಲ್ಲಿದೆ.

ಈಗ ತಿಪ್ಪಕ್ಕ ದಿನಾ ಹೋಗುವಾಗ
ಯಾರೂ ಕೇಳದೆಯೇ ಎರಡೂ ಚಪ್ಪಲಿ ಎತ್ತಿ ತೋರಿಸುತ್ತಾಳೆ,
ನಗುತ್ತಾಳೋ ಅಣಕಿಸುತ್ತಾಳೋ ಗೊತ್ತಾಗುವುದಿಲ್ಲ.
ಆ ರಾತ್ರಿ ಕರೆಯದೆ ಬಂದ ಹಳೇ ಮೊನೆಗಳು
ಒಂದು ಬೆಂಕಿಪೊಟ್ಟಣದಲ್ಲಿವೆ, ನನ್ನ ಮೇಜಿನಲ್ಲಿ.
ದಿನವಿಲ್ಲ, ಗಂಟೆಯಿಲ್ಲ, ಯಾರ ಕೈಯೋ ತಿಳಿಯದು.
ಯಾವ ಹಾಳೆಗೆ ಅಂಟಿಸಲಿ?
ಡ್ರಾ ಎಳೆದಾಗೊಮ್ಮೆ
ಸಣ್ಣಗೆ ಸದ್ದು ಮಾಡುತ್ತವೆ.